ಇಬ್ಬರೂ ಸಾಯದ ನಾಟಕ

ಭಾನುವಾರ ಮಧ್ಯಾಹ್ನ
ಟೈಲರ್ ಅಂಗಡಿಯ ಮೇಲಿನ ಕೋಣೆ

ನನ್ನ ಅಕ್ಕಾ,

ಬೆನ್ನುನೋವು ಹೋಯ್ತಾ? ಭಾವ ಈಗಲೂ ಅರ್ಧ ನಿದ್ದೇಲೇ ಡ್ಯೂಟಿಗೆ ಓಡ್ತಾರಾ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅಪ್ಪನ ಸುದ್ದಿ ಬರೆಯೋದೇ ಬೇಡ ಅಂತಿದ್ದೆ. ನೀನು ಸೇತುವೆ ಆಚೆಯವರನ್ನ ಮದುವೆಯಾದಾಗಿನಿಂದ, ಮೂರು ವರ್ಷ, ನಿನ್ನ ಹೆಸರೆತ್ತದ ಮನುಷ್ಯ. ಆದರೆ ನಿನ್ನೆ ನಡೆದದ್ದನ್ನ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತೆ.

ಸೇತುವೆಯ ಎರಡೂ ಕಡೆಯವರು ಸೇರಿ ನಾಟಕ ಆಡಲೇಬೇಕು ಅಂತ ಲೈಬ್ರರಿ ಮೇಡಂ ಹಟ ಹಿಡಿದಿದ್ದರು. ಅದೇ ಹಳೇ ಕಥೆ: ಹಗೆಯ ಎರಡು ಮನೆ, ಪ್ರೀತಿಸಿದ ಇಬ್ಬರು, ಕೊನೆಗೆ ಇಬ್ಬರೂ ವಿಷ ಕುಡಿದು ಸಾಯೋದು. ಹುಡುಗ ಆಚೆಯವನು, ಹುಡುಗಿ ನಮ್ಮವಳು. ಪ್ರಾಕ್ಟೀಸು ಮಾತ್ರ ಅವರವರ ಕಡೆಯ ಹಾಲ್‌ನಲ್ಲಿ, ಎದುರಿಗೆ ಖಾಲಿ ಕುರ್ಚಿ ಇಟ್ಟುಕೊಂಡು! ತಿಂಗಳಿಡೀ ಕುರ್ಚಿ ಜೊತೆ ಪ್ರೀತಿ ಮಾಡಿದರು, ಥೂ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೇ ನಾಚಿಕೆಯಾಯ್ತು, ಓದಿದವರಿಗೆ ಆಗಲಿಲ್ಲ. ನಮ್ಮ ಕಡೆಯ ನಾಟಕ ಕಮಿಟಿಯಲ್ಲಿ ಅಪ್ಪ ಎದ್ದು, "ನಮ್ ಹುಡುಗಿ ಯಾಕ್ರೀ ಸಾಯ್ಬೇಕು? ವಿಷದ ಬಟ್ಟಲು ಎಸೀಲಿ!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಂಬ ನೋಡು ಅಂತ ನಾನು ಅವಳ ಉಡುಪು ಹೊಲಿಯುತ್ತಾ ಹಲ್ಲು ಕಡಿದೆ. ಆಚೆಯವರೂ ತಮ್ಮ ಹುಡುಗನಿಗೆ ಗುಟ್ಟಾಗಿ ಅದನ್ನೇ ಕಲಿಸಿದ್ದರು.

ನಿನ್ನೆ ನಾಟಕದಲ್ಲಿ ಅವನು ಬಟ್ಟಲು ಎಸೆದ. ಇವಳೂ ಎಸೆದಳು. ಆಮೇಲೆ ಇಬ್ಬರೂ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಿಂತರು, ಮುಂದಕ್ಕೆ ಯಾರೂ ಮಾತೇ ಬರೆದಿರಲಿಲ್ಲ. ಹಿಂದಿನಿಂದ ಯಾರೋ, "ಬೇಗ ಸಾಯ್ರಪ್ಪಾ, ಬಸ್ ಹೋಗುತ್ತೆ!" ಅಂತ ಕೂಗಿದ. ಪರದೆ ಹಗ್ಗ ನನ್ನ ಕೈಯಲ್ಲಿತ್ತು. ಎಳೆಯಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಅಪ್ಪ ಎದ್ದರು. "ಎಳೀಬೇಡ ಕಣೇ. ಇಬ್ರೂ ಮನೆಗೆ ಹೋಗ್ಲಿ. ದಾರಿ ಬಿಡ್ರೋ," ಅಂದರು. ಇಬ್ಬರೂ ಕೆಳಗಿಳಿದು ಜನರ ನಡುವೆಯೇ ನಡೆದರು. ಎರಡೂ ಕಡೆಯವರು ಕಾಲು ಮಡಚಿಕೊಂಡರು.

ಇಷ್ಟಕ್ಕೇ ನಾನು ಕರಗಲ್ಲ. "ಸ್ವಂತ ಮಗಳಿಗೆ ಬಾಗಿಲು ಹಾಕಿ, ನಾಟಕದವಳಿಗೆ ದಾರಿ ಬಿಡಿಸ್ತೀರಾ?" ಅಂತ ಬೆಳಿಗ್ಗೆ ಮುಖಕ್ಕೇ ಕೇಳಿದೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಭಾವನಿಗೆ ಅರ್ಧ ನಮಸ್ಕಾರ, ಅರ್ಧ ಬೈಗುಳ.

ನಿನ್ನ
ಮೆಣಸಿನಕಾಯಿ

ತಡಿ, ಇನ್ನೊಂದು: ಕವರ್ ಅಂಟಿಸುವಾಗ ಅಪ್ಪ ಮೆಟ್ಟಿಲು ಹತ್ತಿ ಬಂದರು. ವಿಳಾಸ ಎರಡು ಸಲ ಓದಿ, "ಇವಳೊಬ್ಬಳ ಹೆಸರೇ ಇದೆಯಲ್ಲೇ. ಅಳಿಯಂದ್ರದ್ದೂ ಬರಿ. ಇಬ್ರೂ ಬರ್ಲಿ," ಅಂದರು. ಕವರಿನ ಮೇಲೆ ಭಾವನ ಹೆಸರು ಸೊಟ್ಟಗಿದ್ದರೆ ನನ್ನನ್ನ ಬೈಬೇಡ. ಪೆನ್ನು ಕಿತ್ಕೊಂಡು ಅವರೇ ಬರೆದರು.