ನಿನಗಿದ್ದ ಗಂಟು ನನಗೂ

ಅವ್ವಾ,

ಇವತ್ತು ಬೀದರಿನಲ್ಲಿ ಡಾಕ್ಟರು ನನ್ನ ರಿಪೋರ್ಟ್ ಓದಿ, ಬಾಗಿಲು ಮುಚ್ಚಿ ಕೂಡಲು ಹೇಳಿದರು. ನಿನ್ನನ್ನು ಒಯ್ದಂಥದೇ ಗಂಟು ನನ್ನ ಎದೆಯಲ್ಲೂ ಇದೆ. ಇಪ್ಪತ್ತು ವರ್ಷ ನರ್ಸಾಗಿರುವ ನನಗೆ ಉಳಿದದ್ದನ್ನು ಅವರು ಬಿಡಿಸಿ ಹೇಳಬೇಕಾಗಲಿಲ್ಲ.

ಹೊರಗೆ ಕಾಯುತ್ತಿದ್ದ, ನನ್ನ ಜೊತೆ ಕೆಲಸ ಮಾಡುವ ರೂತಮ್ಮ ಸಿಸ್ಟರ್ ನನ್ನ ಮುಖ ನೋಡಿ, "ಬಾರವ್ವ, ಪ್ರಾರ್ಥನಿ ಮಾಡೋಣ. ದೇವ್ರು ನಮ್ಮ ಕೂಡ ಹಾನ" ಎಂದರು.

ನೀನೂ ಆಸ್ಪತ್ರೆಯ ಮಂಚದಿಂದ ಹೀಗೇ ಕರೆದಿದ್ದೆ. "ಡ್ಯೂಟಿ ಅದ ಅವ್ವಾ" ಎಂದು ನಾನು ಹೊರಟುಬಿಟ್ಟೆ. ಅವತ್ತು ನನಗೆ ರಜೆಯಿತ್ತು.

ಇಂದು ಅಲ್ಲೇ ಮೊಣಕಾಲೂರಿದೆ. ಭಯ ಹೋಗಲಿಲ್ಲ, ಆದರೆ ಭಯದಲ್ಲಿ ನಾನು ಒಬ್ಬಳೇ ಇರಲಿಲ್ಲ.

ನಿನ್ನ ಮೊಮ್ಮಗಳು ಜೆನಿಫರಳನ್ನೂ ಪರೀಕ್ಷಿಸಬೇಕಂತೆ. ಅವಳಿಗೆ ಹೇಗೆ ಹೇಳಲೆಂದು ದೇವರನ್ನೇ ಕೇಳುತ್ತಾ ಬಸ್ಸಿನಲ್ಲಿ ಕೂತಿದ್ದೇನೆ. ಹಲಬರ್ಗಾ ದಾಟಿತು. ಭಾಲ್ಕಿಯಲ್ಲಿ ಅವಳು ಕಾಯುತ್ತಿದ್ದಾಳೆ.