ದಿಮ್ಮಿ ನಂಬರ್ ಇಪ್ಪತ್ತೇಳು

ಮಾನ್ಯ ವಲಯ ಅರಣ್ಯಾಧಿಕಾರಿಗಳೇ,

ಕಳೆದ ಗುರುವಾರ ನಿಮ್ಮ ಲಾರಿ ಕಾಡಿನಲ್ಲಿ ಬಿದ್ದಿದ್ದ ನಲವತ್ತಮೂರು ಮರದ ದಿಮ್ಮಿಗಳನ್ನು ಹೊತ್ತುಕೊಂಡು ಹೋಯಿತು. ಅವುಗಳೊಡನೆ ನನ್ನ ಹದಿಮೂರು ವರ್ಷದ ಕೆಲಸವೂ ಹೋಯಿತು. ಮೇಲಿನವರು ತಪಾಸಣೆಗೆ ಬರುತ್ತಾರೆ, ಕಾಡು ಅಚ್ಚುಕಟ್ಟಾಗಿ ಕಾಣಬೇಕು ಎಂದು ನೀವು ಆದೇಶ ಹೊರಡಿಸಿದ್ದಿರಂತೆ. ಕಂಡಕಂಡಲ್ಲಿ ಎಲೆ ಉದುರಿಸುವ ಮರಗಳಿಗೆ ಇನ್ನೂ ನೋಟಿಸು ಹೋಗಿಲ್ಲ ಎಂಬುದಷ್ಟೇ ಸಮಾಧಾನ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳು. ಬಿದ್ದ ಮರದ ಅಡಿಯಲ್ಲಿ ಹಾವು, ಹಲ್ಲಿ, ಹಾವುರಾಣಿಗಳು ಹೇಗೆ ಸಂಸಾರ ನಡೆಸುತ್ತವೆ ಎಂಬುದು ನನ್ನ ಸಂಶೋಧನೆ. ಅರವತ್ತು ದಿಮ್ಮಿಗಳನ್ನು ಆರಿಸಿಕೊಂಡಿದ್ದೆ. ತಿಂಗಳಿಗೆ ಎರಡು ಸಲ ಹೋಗಿ, ಒಂದೊಂದನ್ನೇ ಮೆಲ್ಲಗೆ ಮಗುಚಿ, ಅಡಿಯಲ್ಲಿ ಯಾರಿದ್ದಾರೆಂದು ಬರೆದುಕೊಂಡು, ಮೊದಲು ಹೇಗಿತ್ತೋ ಹಾಗೆಯೇ ಮಲಗಿಸಿ ಬರುವುದು. ಗುರುತಿಗೆ ಪ್ರತಿ ದಿಮ್ಮಿಗೂ ಹೆಬ್ಬೆರಳಿನ ಉಗುರಿನಷ್ಟು ತಗಡಿನ ಚೂರು ಹೊಡೆದು, ಅದರ ಮೇಲೆ ಸಂಖ್ಯೆ ಕೊರೆದಿದ್ದೆ. ಅದು ನನಗೆ ಸಾಕಾಗಿತ್ತು. ನಿಮ್ಮ ಕಚೇರಿಗೆ ಸಾಕಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಅನುಮತಿ ನವೀಕರಿಸುವಾಗ, "ಸಂಖ್ಯೆಗಳನ್ನು ಹಳದಿ ಬಣ್ಣದಲ್ಲಿ, ದೂರದಿಂದ ಕಾಣುವಂತೆ ಬರೆಯತಕ್ಕದ್ದು" ಎಂದು ಏಳನೆಯ ಷರತ್ತು ಹಾಕಿದಿರಿ. ಡಬ್ಬಿ, ಕುಂಚ ಹಿಡಿದು ಹೊರಟವಳನ್ನು ನೋಡಿ ನಮ್ಮಮ್ಮ ಬಾಗಿಲಲ್ಲೇ ತಡೆದಳು.

"ಎಲ್ಲಿಗೇ ಸವಾರಿ?"

"ದಿಮ್ಮಿಗಳಿಗೆ ನಂಬರ್ ಬರೆಯೋಕೆ ಕಣಮ್ಮ."

"ಅಷ್ಟೆಲ್ಲ ಓದಿ ಕೊನೆಗೆ ಹಲ್ಲಿ ಮನೆ ಬಾಗಿಲಿಗೆ ನಂಬರ್ ಬರೀತೀಯಾ? ನೋಡ್ತಿರು. ಮನೆಗೆ ನಂಬರ್ ಬಿತ್ತು ಅಂದ್ರೆ ಆಮೇಲೆ ಕೆಡವೋರು ಬರ್ತಾರೆ."

ಆಗ ನಕ್ಕಿದ್ದೆ. ನಿಮ್ಮ ಇಲಾಖೆಯನ್ನು ನನಗಿಂತ ನಮ್ಮಮ್ಮ ಚೆನ್ನಾಗಿ ಬಲ್ಲಳು.

ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದರೆ ದಿಮ್ಮಿಗಳಿದ್ದ ಕಡೆಯೆಲ್ಲ ಬರೀ ಬೋಳು ಮಣ್ಣಿನ ಪಟ್ಟೆಗಳು. ನಿಮ್ಮ ಗಾರ್ಡ್ ಅಲ್ಲೇ ಬೀಡಿ ಸೇದುತ್ತಾ ನಿಂತಿದ್ದ.

"ಇದೇನಪ್ಪಾ ಮಾಡಿದ್ರಿ?"

"ನೀವೇ ನಂಬರ್ ಹಾಕಿದ್ರಲ್ಲ ಮೇಡಂ. ನಂಬರ್ ಇರೋ ಮರ ಅಂದ್ರೆ ಸಾಗಿಸೋ ಮರ. ನಂಬರ್ ಇಲ್ಲದ್ದು ಒಂದನ್ನೂ ಮುಟ್ಟಿಲ್ಲ, ಬೇಕಾದ್ರೆ ನೋಡ್ಕೊಳ್ಳಿ."

ನೋಡಿಕೊಂಡೆ. ಅವನು ಹೇಳಿದ್ದು ಅಕ್ಷರಶಃ ನಿಜ. ನನಗೆ ಬೇಡವಾದ ಕೊರಡುಗಳೆಲ್ಲ ಸುಖವಾಗಿ ಬಿದ್ದಿದ್ದವು. ಕಾಡಿನಲ್ಲಿ ನಾನು ಯಾವ ಅರವತ್ತನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆನೋ ಅವನ್ನೇ ಹುಡುಕಿ ಹುಡುಕಿ ಎತ್ತಿದ್ದೀರಿ. ಹದಿನೇಳು ಉಳಿದದ್ದು ಲಾರಿ ತುಂಬಿತೆಂಬ ಕಾರಣಕ್ಕೆ. ಅವಕ್ಕಾಗಿ ಸೋಮವಾರ ಮತ್ತೆ ಬರುತ್ತದಂತೆ.

ಇಪ್ಪತ್ತೇಳನೆಯ ದಿಮ್ಮಿಯ ಅಡಿಯಲ್ಲಿ ಒಂದು ಹಾವುರಾಣಿ ಇತ್ತು. ಬಾಲ ತುಂಡಾಗಿದ್ದರಿಂದ ನನ್ನ ಪುಸ್ತಕದಲ್ಲಿ ಅದರ ಹೆಸರು ಮೊಂಡುಬಾಲ. ಐದು ವರ್ಷದಿಂದ ಅದೇ ಗುಳಿಯಲ್ಲಿ ಮೊಟ್ಟೆಯಿಟ್ಟು, ಮರಿಯಾಗುವವರೆಗೆ ಸುತ್ತಿಕೊಂಡು ಮಲಗುತ್ತಿತ್ತು. ನಾನು ದಿಮ್ಮಿ ಎತ್ತಿದರೆ ಒಂದು ಕಣ್ಣಲ್ಲಿ ನೋಡಿ, 'ಓ, ಇವಳಾ' ಎಂಬಂತೆ ಸುಮ್ಮನಾಗುತ್ತಿತ್ತು. ಶುಕ್ರವಾರವೂ ಅಲ್ಲೇ ಇತ್ತು. ಮೇಲೆ ದಿಮ್ಮಿ ಇರಲಿಲ್ಲ. ಬಿಸಿಲು ನೇರ ಬೀಳುತ್ತಿತ್ತು. ಐದು ಮೊಟ್ಟೆಗಳೂ ಒಣಗಿ ಸುಕ್ಕುಗಟ್ಟಿದ್ದವು. ಅದು ಸುತ್ತಿದ ಸುತ್ತು ಬಿಟ್ಟಿರಲಿಲ್ಲ. ಓಡಿಹೋಗಬಹುದಿತ್ತು, ಓಡಲಿಲ್ಲ. ಇದನ್ನು ಯಾವ ಪ್ರಬಂಧದಲ್ಲಿ ಬರೆಯಲಿ, ಸ್ವಾಮಿ? ಯಾವ ಕೋಷ್ಟಕಕ್ಕೆ ಸೇರಿಸಲಿ?

ಅಲ್ಲಿಂದ ನೇರ ನಿಮ್ಮ ಕಚೇರಿಗೆ ಬಂದೆ. ನೀವು ಕಾಡು ಅಚ್ಚುಕಟ್ಟಾದುದನ್ನು ನೋಡಲು ಹೋಗಿದ್ದಿರಿ. ಗುಮಾಸ್ತರು ಕಡತ ತೆಗೆದು, ಷರತ್ತು ಓದಿ, ತಲೆ ಕೆರೆದುಕೊಂಡು, "ಬಣ್ಣ ಸ್ವಲ್ಪ ಕಡಿಮೆ ಹಚ್ಚಿದ್ರೆ ಆಗ್ತಿತ್ತು ಮೇಡಂ" ಎಂದರು. ಅಂದರೆ ತಪ್ಪು ನನ್ನದೇ. ನಿಮ್ಮ ಮಾತನ್ನು ಪಾಲಿಸಿದ್ದು.

ನಾನು ಕೇಳುವುದು ಇಷ್ಟು. ಸೋಮವಾರದ ಲಾರಿಯನ್ನು ನಿಲ್ಲಿಸಿ. ನಿಮ್ಮ ಕಚೇರಿಯ ಹಿಂದೆ ರಾಶಿ ಹಾಕಿರುವ ನಲವತ್ತಮೂರನ್ನು ಸೀಳಿಸದೆ ವಾಪಸು ಕಳಿಸಿ. ಯಾವುದು ಎಲ್ಲಿ, ಯಾವ ಮಗ್ಗುಲಲ್ಲಿ ಮಲಗಿತ್ತೆಂದು ನಾನೇ ನಿಂತು ತೋರಿಸುತ್ತೇನೆ. ಉಳಿದ ಹದಿನೇಳರ ಸಂಖ್ಯೆಯನ್ನು ನಿನ್ನೆ ನಾನೇ ಉಜ್ಜಿ ಅಳಿಸಿದ್ದೇನೆ. ಏಳನೆಯ ಷರತ್ತು ಮುರಿದದ್ದಕ್ಕೆ ಅನುಮತಿ ರದ್ದು ಮಾಡುವುದಾದರೆ ಮಾಡಿ. ದಿಮ್ಮಿಗಳು ನನ್ನ ಕೈಗೆ ಗುರುತಿವೆ.

ಕೊನೆಯದಾಗಿ ಒಂದು ಮಾತು. ಗುಮಾಸ್ತರು ಕಡತ ಹುಡುಕುವಾಗ ನಿಮ್ಮ ಖಾಲಿ ಕುರ್ಚಿಯನ್ನು ನೋಡುತ್ತಾ ಕುಳಿತಿದ್ದೆ. ಒಳ್ಳೆಯ ಮರದ ಕುರ್ಚಿ. ಬೆನ್ನಿನ ಮೇಲೆ ನಿಮ್ಮ ಕಚೇರಿಯ ಸಾಮಾನಿನ ನಂಬರ್, ಹಳದಿ ಬಣ್ಣದಲ್ಲಿ, ದೂರದಿಂದ ಕಾಣುವಂತೆ, ಅರವತ್ತೊಂದು ಎಂದು ಬರೆದಿದೆ. ನನ್ನ ಪಟ್ಟಿ ಅರವತ್ತಕ್ಕೇ ಮುಗಿಯುತ್ತದೆ ಎಂಬುದು ನನಗೆ ಗೊತ್ತು. ಲಾರಿಯವರಿಗೆ ಗೊತ್ತಿಲ್ಲ. ಸೋಮವಾರ ಹುಷಾರಾಗಿರಿ.

ಇಂತಿ,
ಹೇಳಿದಷ್ಟು ದಪ್ಪವಾಗಿ ಬರೆದು ಕೆಟ್ಟ,
ನಿಮ್ಮ ಸಿಬ್ಬಂದಿ ಬೆನ್ನ ಹಿಂದೆ ಕರೆಯುವ
ಹಲ್ಲಿ ಮೇಡಂ