ಸಡಿಲಾಗದ ಗುಂಡಿಗೆ

ಸಿಂಧನೂರು
20-10-2024

ನನ್ನ ಮುದ್ದಿನ ಶೈಲಜಾ,

ನಿನ್ನ ಹೊಟ್ಟೆ ತಣ್ಣಗಿರಲಿ. ಫೋನಿರುವ ಕಾಲದಲ್ಲಿ ಅವ್ವನಿಗೇಕೆ ಪತ್ರದ ಹುಚ್ಚು ಎನ್ನಬೇಡ. ಫೋನು ಬಂದರೆ ನಿಮ್ಮತ್ತೆ ಸ್ಪೀಕರ್ ಹಾಕಿಸುತ್ತಾರೆ, ಇದು ಅವರು ಕೇಳುವ ಮಾತಲ್ಲ. ಬಳೆಗಾರ್ತಿ ಗುಲ್ಷನ್‌ಬೀ ಲಿಂಗಸುಗೂರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತಿದ್ದೇನೆ.

ನನಗೆ ಗುಂಡಿಗೆಯ ರೋಗವಂತೆ. ಗಾಬರಿಯಾಗಬೇಡ ಎಂದು ಬರೆಯಬೇಕು, ಆದರೆ ನನಗೇ ಏನೂ ತಿಳಿಯುತ್ತಿಲ್ಲ. ಮೊದಲು ಏದುಸಿರು, ಆಮೇಲೆ ಕಾಲು ಬಾವು. ಕಾಲುಂಗುರ ಚರ್ಮದೊಳಗೆ ಹೂತುಹೋದವು. ಗಂಡ ಇರುವಾಗ ಕಾಲುಂಗುರ ಕತ್ತರಿಸುವುದುಂಟೇ? ನೆರಿಗೆ ಇಳಿಬಿಟ್ಟು ಮುಚ್ಚಿಕೊಂಡೇ ಓಡಾಡಿದೆ. ಬೆರಳು ನೀಲಿಯಾದ ಮೇಲೆ ಬೆಳ್ಳಿಬಂಗಾರ ಕೆಲಸದ ಪತ್ತಾರ ವೆಂಕೋಬ ಬಂದು ಉಂಗುರ ಕತ್ತರಿಸಿದ. ನಿನ್ನಪ್ಪ ಅತ್ತ ಮುಖ ಮಾಡಿ ನಿಂತಿದ್ದರು.

ರಾಯಚೂರಿನಲ್ಲಿ ಎದೆಯ ಸ್ಕ್ಯಾನ್ ಆಯಿತು. ಕೊರಳ ಲಿಂಗ ತೆಗೆಯಿರಿ ಎಂದರು, ನಾನು ಒಲ್ಲೆ ಎಂದೆ. ಕಡೆಗೆ ಪೂಜೆಗೆ ಹಿಡಿದಂತೆ ಎಡಗೈಯಲ್ಲಿ ಹಿಡಿದು ಮಲಗಿದೆ. ಇಲ್ಲಿನ ಡಾಕ್ಟರು ಬರೀ ಗ್ಯಾಸು ಎಂದಿದ್ದರಲ್ಲ, ಅಲ್ಲಿಯವರು ಬೇರೆಯೇ ಹೇಳಿದರು: "ಅಮ್ಮಾ, ನಿಮ್ಮ ಗುಂಡಿಗಿ ಹಿಂಡೋದು ಬರೋಬರಿ ಐತ್ರೀ. ಸಡ್ಲಾಗಿ ರಕ್ತ ತುಂಬಿಸ್ಕೊಳ್ಳೋದ ಆಗವಲ್ದು. ಅದರ ಮಾಂಸ ಬಿರುಸಾಗೇತಿ."

ಹಿಂಡುವುದು ಸರಿಯಿದ್ದರೆ ರೋಗ ಹೇಗೆ? ಮತ್ತೆ ಮತ್ತೆ ಕೇಳಿದೆ. ಅಕ್ಕಿ ಮಿಲ್ಲಿನಲ್ಲಿ ಆಯುಷ್ಯ ಸವೆಸಿದ ನಿನ್ನಪ್ಪನಿಗೆ ಕೂಡಲೇ ತಿಳಿಯಿತು. ಬಿರುಸಾದ ಹೊಸ ಗೋಣಿಚೀಲ ಬಾಯಿ ಬಿಡದಿದ್ದರೆ ಅಕ್ಕಿ ಹೊರಗೇ ಚೆಲ್ಲುವುದಿಲ್ಲವೇ, ಹಾಗೆ ಗುಂಡಿಗೆ ಹಿಡಿಸದ ರಕ್ತ ಹಿಂದೆ ನಿಂತು ಅದರ ನೀರು ಕಾಲಿಗೆ ಇಳಿದಿದೆ ಎಂದರು. ತಿಳಿದಂತಾಯಿತು, ಬಸ್ಸಿಳಿಯುವಷ್ಟರಲ್ಲಿ ಮತ್ತೆ ಗೊಂದಲ. ಉಪ್ಪು ಬಿಡಬೇಕಂತೆ, ನೀರನ್ನೂ ಅಳೆದು ಕುಡಿಯಬೇಕಂತೆ. ಕಾಲುವೆಯ ದಂಡೆಯ ಮೇಲಿದ್ದು ನೀರಿಗೆ ಲೆಕ್ಕ!

ಇನ್ನೊಂದು ಮಾತು. ಇದು ಕೆಲವು ಮನೆತನಗಳಲ್ಲಿ ಇಳಿದು ಬರುವುದುಂಟಂತೆ. ಮಕ್ಕಳನ್ನೂ ತೋರಿಸಿ, ಮಗಳನ್ನು ಬಸಿರಾಗುವ ಮೊದಲೇ ತೋರಿಸಿ ಎಂದರು ಡಾಕ್ಟರು. ನಮ್ಮವ್ವನೂ ಕಾಲು ಬಾತೇ ಹೋದಳು. ನಾವು ದೃಷ್ಟಿ ತಗುಲಿದೆ ಎಂದು ನಿವಾಳಿಸುತ್ತಲೇ ಇದ್ದೆವು.

ಹೊರಗೆ ಬಂದ ಮೇಲೆ ನಿನ್ನಪ್ಪ, "ಅಕಿಗೆ ಹೇಳಬ್ಯಾಡ. ಈಗರ ಗಂಡನ ಮನಿಗೆ ಹೋಗ್ಯಾಳ, ರೋಗದ ಮನಿತನ ಅಂತಾರ" ಎಂದರು. ನಾನೂ ಹೂಂ ಎಂದೆ. ಅವರು ಹೇಳುವುದೂ ಸುಳ್ಳಲ್ಲ. ಆದರೆ ನಿನ್ನ ಸಂಸಾರ ಕಾಯಲೋ, ನಿನ್ನನ್ನು ಕಾಯಲೋ? ನನಗೆ ಹೆದರಿಕೆಯಾಗುತ್ತಿದೆ ಮಗಳೇ.

ಗುರುವಾರ ಮಸ್ಕಿಗೆ ಬಾ, ಅದು ನಮ್ಮಿಬ್ಬರ ಊರಿಗೂ ನಡುವೆ. ಅವ್ವನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಜೊತೆ ಬೇಕು ಎಂದು ನಿಮ್ಮತ್ತೆಗೆ ಹೇಳು. ಸುಳ್ಳೇನಲ್ಲವಲ್ಲ. ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ, ಅಲ್ಲಿಂದ ಇಬ್ಬರೂ ರಾಯಚೂರಿಗೆ ಹೋಗೋಣ. ಅಪ್ಪನಿಗೆ ಗೊತ್ತಾಗುವುದು ಬೇಡ. ನಿನಗೇನೂ ಇರಲಿಕ್ಕಿಲ್ಲ, ಸುಮ್ಮನೆ ನನ್ನ ಸಮಾಧಾನಕ್ಕೆ.

ನಿನ್ನ ಹಾದಿ ನೋಡುವ ಅವ್ವ,
ವೀರಭದ್ರಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಪಂಚಮಿಗೆ ಬಂದಾಗ ನೀನು ಬಚ್ಚಲಲ್ಲಿ ಕಾಲುಂಗುರಕ್ಕೆ ಸೋಪು ಹಚ್ಚಿ ಎಳೆಯುತ್ತಿದ್ದೆ, ಬಿಗಿಯಾಗ್ಯಾವ ಎಂದೆ. ಗಂಡನ ಮನೆಯ ಅನ್ನ ಮೈಗೆ ಹತ್ತಿದೆ ಎಂದು ನಾನು ನಕ್ಕು, ಅರ್ಧ ಜಾರಿದ್ದವನ್ನು ಮತ್ತೆ ಒತ್ತಿ ತೊಡಿಸಿದೆ. ಅವು ಬಿಚ್ಚಲು ಬಾರದಿದ್ದರೆ ಹಾಗೇ ಬಾ. ವೆಂಕೋಬನನ್ನು ಮಸ್ಕಿಗೆ ಕರೆದುಕೊಂಡೇ ಬರುತ್ತೇನೆ.